ಶಿಕ್ಷೆ ತಪ್ಪಾದರೆ ಅದೇ ಜಡ್ಜ್ ತಿದ್ದುತ್ತಾರಾ?

'ಕಾನೂನು ಮೀರಿ ಶಿಕ್ಷೆ ಕೊಟ್ಟಿದ್ದರೆ ಅದೇ ಕೋರ್ಟಿಗೆ ಒಂದು ಅರ್ಜಿ ಹಾಕಿ, ಅವರೇ ಸರಿಮಾಡುತ್ತಾರೆ' ಅಂತ ವಾಟ್ಸಾಪ್‌ನಲ್ಲಿ ಒಂದು ಮೆಸೇಜ್ ಓಡಾಡ್ತಿದೆ. ಇದು ತಪ್ಪು.

ತೀರ್ಪಿಗೆ ಸಹಿ ಬಿದ್ದ ಮೇಲೆ ಆ ಕೋರ್ಟ್ ಬರವಣಿಗೆಯ ತಪ್ಪು ಅಥವಾ ಲೆಕ್ಕದ ತಪ್ಪು ಮಾತ್ರ ತಿದ್ದಬಹುದು. ಕ್ರಿಮಿನಲ್ ಕೇಸುಗಳ ವಿಚಾರಣೆ ಹೇಗೆ ನಡೆಯಬೇಕು ಅಂತ ಹೇಳುತ್ತಿದ್ದ ಹಳೆಯ ಕಾನೂನು ಸಿಆರ್‌ಪಿಸಿಯ 362ನೇ ಸೆಕ್ಷನ್‌ನಲ್ಲಿ ಇದ್ದದ್ದೇ ಈಗ ಅದರ ಜಾಗಕ್ಕೆ ಬಂದಿರುವ ಬಿಎನ್‌ಎಸ್‌ಎಸ್‌ನ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 403ರಲ್ಲಿದೆ. ಅಂದರೆ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್ ತಮ್ಮ ಮಿತಿಯಾದ 3 ವರ್ಷ ಬಿಟ್ಟು 5 ವರ್ಷ ಜೈಲು ಅಂದುಬಿಟ್ಟರೆ, ಅದು ಬರೀ ಕೈತಪ್ಪಲ್ಲ ಅಲ್ವಾ? ಅದನ್ನು ಮೇಲಿನ ಕೋರ್ಟೇ ತಿದ್ದಬೇಕು, ಅಪೀಲಿನಲ್ಲೋ ರಿವಿಜನ್‌ನಲ್ಲೋ (ಕೆಳಗಿನ ಕೋರ್ಟಿನ ಆದೇಶ ಕಾನೂನಿನ ಪ್ರಕಾರ ಇದೆಯಾ ಅಂತ ಮೇಲಿನ ಕೋರ್ಟ್ ಪರಿಶೀಲಿಸುವುದು).

ಸುಮ್ನೆ ಅದೇ ಕೋರ್ಟಿಗೆ ಅಲೆಯುತ್ತಾ ಕೂತರೆ ಅಪೀಲಿನ ಗಡುವು ಮುಗಿದುಹೋಗುತ್ತೆ. ಸೆಷನ್ಸ್ ಕೋರ್ಟಿಗೆ 30 ದಿನ, ಹೈಕೋರ್ಟಿಗೆ 60.

ಇನ್ನೊಂದು, ಅಪರಾಧಿ ತಾನೇ ಅಪೀಲು ಹಾಕಿದರೆ ಅದರಲ್ಲಿ ಶಿಕ್ಷೆ ಜಾಸ್ತಿ ಮಾಡುವಂತಿಲ್ಲ.