ಜೂಲಿಯ ಜಳಕದ ಲೆಕ್ಕ

ಕಳೆದ ಭಾನುವಾರ ಬೆಳಿಗ್ಗೆ ಸರಿಯಾಗಿ ಹನ್ನೊಂದು ಗಂಟೆಗೆ ನಮ್ಮ ಜೂಲಿಯ ಸ್ನಾನ ಮುಗಿಯಿತು. ಹನ್ನೊಂದು ಗಂಟೆ ಹನ್ನೆರಡು ನಿಮಿಷಕ್ಕೆ ಅವಳು, ಎದುರುಮನೆಯವರು ತೆಂಗಿನ ಬುಡಕ್ಕೆಂದು ತರಿಸಿ ಗೇಟಿನ ಪಕ್ಕ ಸುರಿಸಿದ್ದ ಅರ್ಧ ಟ್ರ್ಯಾಕ್ಟರ್ ಹಸಿ ಕೊಟ್ಟಿಗೆ ಗೊಬ್ಬರದಲ್ಲಿ, ನಾಲ್ಕೂ ಕಾಲುಗಳನ್ನು ಆಕಾಶಕ್ಕೆ ಎತ್ತಿ ಹೊರಳಾಡುತ್ತಿದ್ದಳು. ಈ ಹನ್ನೆರಡು ನಿಮಿಷಗಳ ಶುಭ್ರತೆಗಾಗಿ ನಾನು ತೆತ್ತದ್ದು ಎರಡು ಗಂಟೆ ಸಮಯ, ಆರು ಬಕೆಟ್ ಉಗುರುಬೆಚ್ಚಗಿನ ನೀರು, ಮೂರು ಟವೆಲು, ಒಂದು ಲುಂಗಿ ಮತ್ತು ನನ್ನ ಸೊಂಟ. ಸೊಂಟ ಇನ್ನೂ ಸರಿಹೋಗಿಲ್ಲ. ಕುಳಿತು ಮಾಡಬಹುದಾದ ಕೆಲಸ ಸದ್ಯಕ್ಕೆ ಬರವಣಿಗೆಯೊಂದೇ ಆದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ನಾಯಿ ಸಾಕಿದವರಿಗೆಲ್ಲ ಈ ಪ್ರಶ್ನೆ ಚಿರಪರಿಚಿತ: "ವಾರಕ್ಕೆ ಎಷ್ಟು ಸಲ ಸ್ನಾನ ಮಾಡಿಸ್ತೀರಿ?" ಕೇಳುವವರು ಉತ್ತರಕ್ಕಾಗಿ ಕೇಳುವುದಿಲ್ಲ, ಪ್ರಶ್ನೆಯ ಜೊತೆಗೆ ಅವರ ಕೈ ತಾನಾಗಿಯೇ ಮೂಗಿನತ್ತ ಹೋಗುತ್ತದೆ. ಪ್ರಾಮಾಣಿಕವಾಗಿ "ತಿಂಗಳಿಗೊಮ್ಮೆ" ಎಂದರೆ, ನಾನೇ ತಿಂಗಳಿಗೊಮ್ಮೆ ಸ್ನಾನ ಮಾಡುವವನೇನೋ ಎಂಬಂತೆ ಕುರ್ಚಿಯನ್ನು ಒಂದಿಷ್ಟು ಹಿಂದಕ್ಕೆ ಸರಿಸುತ್ತಾರೆ.

ತಿಂಗಳಿಗೊಮ್ಮೆ ಎಂಬುದು ನನ್ನ ಸೋಮಾರಿತನದ ಆವಿಷ್ಕಾರವಲ್ಲ, ನಮ್ಮ ಪಶುವೈದ್ಯರ ಅಪ್ಪಣೆ. ನಾಯಿಯ ಚರ್ಮ ನಮ್ಮದಕ್ಕಿಂತ ತೆಳು; ಅದರ ಆಮ್ಲ-ಕ್ಷಾರದ ಹದವೂ ಬೇರೆ. ಆದ್ದರಿಂದ ನಮ್ಮ ಸೋಪು, ಶಾಂಪೂಗಳು ಅದಕ್ಕೆ ಆಗಿಬರುವುದಿಲ್ಲ. ಮೇಲಿಂದ ಮೇಲೆ ತೊಳೆದರೆ ಚರ್ಮದ ಎಣ್ಣೆಯ ಪಸೆ ಹೋಗಿ, ಒಣಗಿ ತುರಿಕೆ ಹತ್ತುತ್ತದೆ. ತುರಿಸಿ ತುರಿಸಿ ಹುಣ್ಣಾದರೆ ಮತ್ತೆ ಅವರ ಬಳಿಗೇ ಹೋಗಬೇಕು. ಆರೋಗ್ಯವಂತ ಲ್ಯಾಬ್ರಡಾರಿಗೆ ನಾಲ್ಕರಿಂದ ಆರು ವಾರಕ್ಕೊಂದು ಸ್ನಾನ ಸಾಕು, ನಡುವೆ ವಾರಕ್ಕೆ ಎರಡು ಮೂರು ಸಲ ಬ್ರಷ್ ಮಾಡಿ ಎಂದು ಅವರು ಹೇಳಿ ಕಳುಹಿಸಿದ್ದರು. ನಾನು ನಿರಾಳವಾಗಿ ಮನೆಗೆ ಬಂದೆ. ಮನೆಯಲ್ಲಿ ಅಮ್ಮ ಇದ್ದರು.

ಅಮ್ಮ ತೀರ್ಥಹಳ್ಳಿಯ ಕಡೆಯವರು. ನಾಲ್ಕು ಮೊಮ್ಮಕ್ಕಳನ್ನು ಕಾಲ ಮೇಲೆ ಮಲಗಿಸಿ ಮೀಸಿದವರು. ತಿಂಗಳಿಗೊಮ್ಮೆ ಎಂಬ ಮಾತು ಅವರ ಕಿವಿಗೆ ವೈದ್ಯಶಾಸ್ತ್ರದಂತೆ ಕೇಳಿಸಲಿಲ್ಲ, ಅನಾಚಾರದಂತೆ ಕೇಳಿಸಿತು. "ಎಂತ ಮಾರಾಯ, ಒಳಗೆ ಓಡಾಡೋ ಪ್ರಾಣಿ!" ಎಂದರು. ನಮ್ಮಲ್ಲಿ ಎಣ್ಣೆಸ್ನಾನಕ್ಕೆ ಗಂಡಸರಿಗೆ ಬುಧವಾರ ಮತ್ತು ಶನಿವಾರ, ಹೆಂಗಸರಿಗೆ ಮಂಗಳವಾರ ಮತ್ತು ಶುಕ್ರವಾರ ಎಂಬ ಕ್ರಮವಿದೆಯಷ್ಟೆ. ಜೂಲಿ ಹೆಣ್ಣಾದ್ದರಿಂದ ಅವಳ ದಿನಗಳು ಯಾವುವೆಂಬ ಬಗ್ಗೆ ಅಮ್ಮನಿಗೆ ಕಿಂಚಿತ್ತೂ ಗೊಂದಲವಿರಲಿಲ್ಲ. ನನಗೆ ರಜೆ ಸಿಗುವುದು ಭಾನುವಾರ ಮಾತ್ರ ಎಂಬುದು ಅವರ ದೃಷ್ಟಿಯಲ್ಲಿ ನನ್ನ ಕಚೇರಿಯ ದೋಷ. ಒಮ್ಮೆ ನಾನು ಊರಲ್ಲಿಲ್ಲದ ಶುಕ್ರವಾರ ಅವರು ಸೀಗೆಪುಡಿಗೆ ಕಡಲೆಹಿಟ್ಟು ಬೆರೆಸಿ ಅವಳಿಗೆ ಸಾಂಗವಾಗಿ ತಿಕ್ಕಿಸಿದರು. ಲ್ಯಾಬ್ರಡಾರಿನ ಮೈಯಲ್ಲಿ ಎರಡು ಪದರ ಕೂದಲು: ಮೇಲೆ ಒರಟು, ಒಳಗೆ ಹತ್ತಿಯಂತೆ ಒತ್ತಾದದ್ದು. ಒಳಪದರಕ್ಕೆ ಇಳಿದ ಆ ಮಿಶ್ರಣ ಎಷ್ಟು ನೀರು ಹೊಯ್ದರೂ ಹೊರಗೆ ಬರಲಿಲ್ಲ. ಒಣಗಿದ ಮೇಲೆ ಮಾತ್ರ ಒಂದು ವಾರ, ಅವಳು ಕುಳಿತಲ್ಲಿ, ಎದ್ದಲ್ಲಿ, ಬಾಲ ಆಡಿಸಿದಲ್ಲಿ, ಉದುರುತ್ತಲೇ ಇತ್ತು. ಸೋಫಾದ ಮೇಲೆ ಕುಳಿತೆದ್ದ ಅತಿಥಿಯೊಬ್ಬರು ಬೋಂಡ ಕರಿಯುವುದಕ್ಕೆ ಸಿದ್ಧರಾದವರಂತೆ ಕಾಣಿಸಿದರು.

ಆದರೆ ಅಮ್ಮನಿಗಿಂತ ದೊಡ್ಡ ಸಮಸ್ಯೆ ಜೂಲಿಯ ಭಾಷಾಜ್ಞಾನ. ಮೊದಲು ಅವಳಿಗೆ "ಸ್ನಾನ" ಎಂಬ ಒಂದೇ ಪದ ಗೊತ್ತಿತ್ತು. ಆ ಪದ ಯಾರ ಬಾಯಿಂದ ಬಂದರೂ, ಗ್ರಹಣಸ್ನಾನದ ವಿಚಾರ ಟೀವಿಯಲ್ಲಿ ಬಂದರೂ, ಮೂವತ್ತೆರಡು ಕಿಲೋ ತೂಕದ ಆ ದೇಹ ಒಂದಿಷ್ಟೂ ಸದ್ದಿಲ್ಲದೆ ಮಂಚದ ಕೆಳಗೆ ಸೇರುತ್ತಿತ್ತು. ಆಗ ನಾವು ಅಮ್ಮನ ಸಲಹೆಯಂತೆ "ಮೀಸುವುದು" ಎನ್ನತೊಡಗಿದೆವು. ಎರಡೇ ಸಲಕ್ಕೆ ಮಲೆನಾಡಿನ ಕನ್ನಡ ಅವಳಿಗೆ ಕರಗತವಾಯಿತು. ನನ್ನ ಹೆಂಡತಿ ಧಾರವಾಡದವಳು, "ಜಳಕಾ ಮಾಡಸೂಣೇನ್ರಿ?" ಎಂದು ಸಹಜ ಧ್ವನಿಯಲ್ಲಿ, ನಾಷ್ಟಾದ ವಿಷಯ ಮಾತಾಡುವಂತೆ ಕೇಳುವುದೆಂದು ತೀರ್ಮಾನವಾಯಿತು. ಅದು ಮೂರು ತಿಂಗಳು ನಡೆಯಿತು. ಬಳಿಕ "ಮಜ್ಜನ"ಕ್ಕೆ ಏರಿದೆವು. ವಚನಗಳಲ್ಲಿ ಮಜ್ಜನಕ್ಕೆರೆಯುವುದನ್ನು ಓದುವಾಗ ನನಗೆ ಎಂದೂ ಆಗದಿದ್ದ ರೋಮಾಂಚನ, ಆ ಪದ ಕೇಳಿದೊಡನೆ ಜೂಲಿಗೆ ಆಯಿತು. ಬೆನ್ನಿನ ಕೂದಲು ನೆಟ್ಟಗೆ ನಿಂತವು. "ಅಭ್ಯಂಜನ"ವನ್ನು ಅವಳು ಒಂದು ದೀಪಾವಳಿಯಲ್ಲಿ ಕಲಿತಳು. "ಅಭಿಷೇಕ" ಎಂಬುದು ಸ್ವಲ್ಪ ಕಾಲ ಬಾಳಿಕೆ ಬಂದಿತಾದರೂ, ನನ್ನ ಮಗನ ಸಹಪಾಠಿಯ ಹೆಸರೂ ಅದೇ ಆಗಿದ್ದರಿಂದ, ಆ ಹುಡುಗ ಮನೆಗೆ ಬಂದಾಗಲೆಲ್ಲ ನಾಯಿ ಏಕೆ ಅಡಗಿಕೊಳ್ಳುತ್ತದೆಂದು ಅವನ ತಾಯಿಗೆ ವಿವರಿಸುವುದು ಕಷ್ಟವಾಯಿತು. ಕನ್ನಡದಲ್ಲಿ ಪದಸಂಪತ್ತು ಸಾಲದು ಎನ್ನುವವರನ್ನು ನಾನು ಹಿಂದೆಯೆಲ್ಲ ವಿರೋಧಿಸುತ್ತಿದ್ದೆ. ಈಗ ನನಗೂ ಸಾಲುತ್ತಿಲ್ಲ.

ಈಗ ನಾವು ಬರಿಯ ಹುಬ್ಬಿನ ಸನ್ನೆಯಲ್ಲಿ ಮಾತಾಡುತ್ತೇವೆ. ಗೀಸರಿನ ಸ್ವಿಚ್ಚನ್ನು ಹಿಂದಿನ ದಿನದ ಕ್ಯಾಲೆಂಡರ್ ಹಾಳೆ ಹರಿಯುವ ನೆಪದಲ್ಲಿ ಒತ್ತುತ್ತೇವೆ. ಆದರೂ ಅವಳಿಗೆ ತಿಳಿಯುತ್ತದೆ, ಏಕೆಂದರೆ ನಾನು ಹಳೆಯ ಲುಂಗಿ ಉಟ್ಟಿರುತ್ತೇನೆ.

ಇನ್ನು ಸ್ನಾನದ ವೈಖರಿ. ಲ್ಯಾಬ್ರಡಾರ್ ಎಂದರೆ ಕೆನಡಾದ ನ್ಯೂಫೌಂಡ್‌ಲ್ಯಾಂಡ್ ದ್ವೀಪದ ಬೆಸ್ತರೊಂದಿಗೆ ಹಿಮದಂಥ ಸಮುದ್ರಕ್ಕೆ ಧುಮುಕಿ, ಬಲೆ ಎಳೆದು, ಜಾರಿಹೋದ ಮೀನು ಹಿಡಿದುತರುತ್ತಿದ್ದ ನಾಯಿಗಳ ಸಂತತಿ. ಆ ವೀರರ ಮೊಮ್ಮಗಳು ಕುವೆಂಪುನಗರದ ಮೋರಿಗೆ ಯಾವ ಹಿಂಜರಿಕೆಯೂ ಇಲ್ಲದೆ ಇಳಿಯುತ್ತಾಳೆ. ಬಚ್ಚಲುಮನೆಯ ಹೊಸ್ತಿಲನ್ನು ಮಾತ್ರ ದಾಟಲಾರಳು. ಎತ್ತಿ ಒಳಗಿಟ್ಟು ನೀರು ಸುರಿದರೆ, ಪೂರ್ವಜರ ಆಸ್ತಿಯಾಗಿ ಬಂದ ಎಣ್ಣೆಪಸೆಯ ಕೂದಲಿನ ಮೇಲೆ ಅದು ಕೆಸುವಿನ ಎಲೆಯ ಮೇಲಿನಂತೆ ಜಾರಿಹೋಗುತ್ತದೆ. ಮೊದಲ ಎರಡು ಬಕೆಟ್ ಮುಗಿದಾಗ ನಾನು ಪೂರ್ತಿ ನೆನೆದಿರುತ್ತೇನೆ, ಅವಳ ಚರ್ಮ ಒಣಗಿಯೇ ಇರುತ್ತದೆ. ಬೆರಳಿನಿಂದ ಕೂದಲು ಬಿಡಿಸಿ, ಬುಡಕ್ಕೆ ನೀರು ಮುಟ್ಟಿಸಿ, ಕಿವಿಗೆ ನೀರು ಹೋಗದಂತೆ ಹತ್ತಿಯಿಟ್ಟು (ಅದನ್ನು ಅವಳು ತೆಗೆದು ತಿನ್ನುತ್ತಾಳೆ), ಶಾಂಪೂ ಒಂದು ಹನಿಯೂ ಉಳಿಯದಂತೆ ತೊಳೆಯುವ ಹೊತ್ತಿಗೆ ಆ ಕ್ಷಣ ಬರುತ್ತದೆ. ಮೂಗಿನ ತುದಿಯಿಂದ ಒಂದು ಕಂಪನ ಹೊರಟು ಬಾಲದವರೆಗೆ ಹೋಗುತ್ತದೆ. ಒದ್ದೆ ಲ್ಯಾಬ್ರಡಾರ್ ಸೆಕೆಂಡಿಗೆ ನಾಲ್ಕು ಸಲಕ್ಕಿಂತ ಹೆಚ್ಚು ಮೈ ಒದರುತ್ತದೆಂದೂ, ನಾಯಿ ಹೀಗೆ ಕೆಲವೇ ಸೆಕೆಂಡುಗಳಲ್ಲಿ ಶೇಕಡಾ 70ರಷ್ಟು ನೀರನ್ನು ಹೊರಹಾಕಬಲ್ಲದೆಂದೂ ಅಮೆರಿಕದ ಸಂಶೋಧಕರು 2012ರಲ್ಲಿ ಅಳೆದು ಪ್ರಕಟಿಸಿದ್ದಾರೆ. ಆ ಶೇಕಡಾ 70 ಎಲ್ಲಿಗೆ ಹೋಗುತ್ತದೆಂಬುದನ್ನು ಬೇಕಾದರೆ ನಾನು ಹೇಳಬಲ್ಲೆ.

ಈ ಎಲ್ಲ ಹೊತ್ತೂ ಅಮ್ಮ ಬಚ್ಚಲ ಬಾಗಿಲಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕುಳಿತು ನಿರ್ದೇಶನ ಕೊಡುತ್ತಿರುತ್ತಾರೆ. "ಕಂಕುಳು ಬಿಟ್ಟೆ. ಬೆರಳಿನ ಸಂದು ತೊಳಿ. ಇನ್ನೊಂದು ಚೊಂಬು ಹೊಯ್ಯಿ." ಮಂಡಿ ಮಡಚಿ ಕೆಳಗೆ ಕೂರುವುದು ಈಗ ಅವರಿಂದ ಆಗುವುದಿಲ್ಲ. ಊರ ಮನೆಯಲ್ಲಿ ಅಡಿಕೆ ಸಿಪ್ಪೆಯ ಒಲೆಯ ಮೇಲೆ ತಾಮ್ರದ ಹಂಡೆ ದಿನವಿಡೀ ಕುದಿಯುತ್ತಿದ್ದ ಕಾಲದಲ್ಲಿ, ಜಗಲಿಯ ಕೆಳಗೆ ಮಲಗುತ್ತಿದ್ದ ಕರಿಯನಿಗೆ ಆ ಹಂಡೆಯ ಒಂದು ಚೊಂಬು ನೀರೂ ಬಿದ್ದದ್ದಿಲ್ಲ. ಅವನು ಹೊಳೆಯಲ್ಲಿ ಈಜಿ, ಆಷಾಢದ ಮಳೆಯಲ್ಲಿ ನೆನೆದು, ಬಚ್ಚಲ ಒಲೆಯ ಬೂದಿಯಲ್ಲಿ ಮಲಗಿ ಒಣಗುತ್ತಿದ್ದ. ಅವನ ಮೈ ವಾಸನೆ ನಮಗಾರಿಗೂ ನೆನಪಿಲ್ಲ; ಬಹುಶಃ ನಮ್ಮೆಲ್ಲರ ಮೈಗೂ ಆಗ ಅದೇ ಹೊಗೆಯ ವಾಸನೆಯಿತ್ತು. ಭಾನುವಾರ ನಾನು ಜೂಲಿಯ ಕತ್ತು ತಿಕ್ಕುತ್ತಿದ್ದಾಗ ಅಮ್ಮ ಇದ್ದಕ್ಕಿದ್ದಂತೆ, "ನಿನ್ನನ್ನು ಮೀಸುವಾಗ ನೀನೂ ಹೀಗೇ ಕೂಗ್ತಿದ್ದೆ" ಎಂದು ಹೇಳಿ, ಒದ್ದೆಯಾದ ಸೆರಗಿನಿಂದ ಅವಳ ಮೂತಿ ಒರೆಸಿದರು.

ಅಷ್ಟಾದ ಮೇಲೆಯೇ ಹಾಲಿನವನು ಹಣಕ್ಕೆಂದು ಬಂದು ಗೇಟು ತೆರೆದದ್ದು.

ಗೊಬ್ಬರದಿಂದ ಎದ್ದು ಬಂದ ಜೂಲಿಯ ಮುಖದಲ್ಲಿ, ಕಳೆದುಹೋಗಿದ್ದ ಒಡವೆ ಮರಳಿ ಸಿಕ್ಕವರ ತೃಪ್ತಿಯಿತ್ತು. ಅವಳಿಗೆ ಎರಡನೆಯ ಸಲ ನೀರು ಹಾಕದೆ ಗತ್ಯಂತರವಿರಲಿಲ್ಲ. ಈ ಬಾರಿ ಅಂಗಳದ ಕೊಳವೆಯಲ್ಲಿ, ಶಾಂಪೂ ಇಲ್ಲದೆ, ಗೌರವವೂ ಇಲ್ಲದೆ. ಸಂಜೆ ನಾನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಪಕ್ಕ, ಆ ದಿನದ ಮನೆಯಲ್ಲಿ "ಜೂ - 2" ಎಂದು ಬರೆದು, ಎರಡು ತಿಂಗಳ ಬಾಕಿ ಒಂದೇ ದಿನ ತೀರಿತೆಂದು ಘೋಷಿಸಿದೆ. ಅಮ್ಮ ಕನ್ನಡಕ ಏರಿಸಿ ನೋಡಿ ಒಪ್ಪಲಿಲ್ಲ.

"ಎರಡನೇದು ಲೆಕ್ಕಕ್ಕಿಲ್ಲ. ಅದು ಶುದ್ಧಿ, ಅಷ್ಟೇ. ಮಂಗಳವಾರ ಸರಿಯಾಗಿ ಶುದ್ಧಿ ಮಾಡು."

ಮೂಲೆಯಲ್ಲಿ ಮಲಗಿದ್ದ ಜೂಲಿ ಒಂದು ಕಿವಿಯನ್ನು ಮಾತ್ರ ಎತ್ತಿ, ಆ ಪದವನ್ನು ಮತ್ತೊಮ್ಮೆ ಕೇಳಿಸಿಕೊಂಡಳು.