ಶುಗರ್ ಲೆಕ್ಕ ಇಡೋದೇ ದೊಡ್ಡ ತಲೆನೋವು

ಬೆರಳಿಗೆ ಚುಚ್ಚಿಕೊಳ್ಳೋದು ಏನೂ ಅಲ್ಲ ಬಿಡಿ, ಅದರ ಲೆಕ್ಕ ಇಡೋದೇ ಸಾಕುಬೇಕಾಗುತ್ತೆ. ಬ್ಯಾಟರಿ ಬದಲಿಸಿದರೆ ಎಷ್ಟೋ ಗ್ಲುಕೋಮೀಟರ್‌ಗಳಲ್ಲಿ (ಮನೆಯಲ್ಲೇ ಶುಗರ್ ನೋಡೋ ಯಂತ್ರ) ದಿನಾಂಕ, ಸಮಯ ಹೊರಟುಹೋಗುತ್ತೆ. ಮತ್ತೆ ಹೊಂದಿಸದೆ ಬಿಟ್ಟರೆ ಬೆಳಗಿನ ಖಾಲಿ ಹೊಟ್ಟೆಯ ರೀಡಿಂಗ್ ನಡುರಾತ್ರಿಯ ಖಾತೆಗೆ. ಡಾಕ್ಟರು ಅದನ್ನೇ ನಂಬಿ ರಾತ್ರಿಯ ಇನ್ಸುಲಿನ್ ಬದಲಿಸಿದರೆ? ಮೆಮೊರಿ ತುಂಬಿದ ಮೇಲೆ ಹಳೆಯ ರೀಡಿಂಗ್‌ಗಳು ಸದ್ದಿಲ್ಲದೆ ಅಳಿಸಿಹೋಗೋದು ಬೇರೆ.

ಇನ್ನು ಆ್ಯಪ್‌ಗಳ ಕಥೆ. 162 ಅಂತ ಬರೆದುಕೊಳ್ಳುತ್ತವೆ, ಸರಿ. ಊಟಕ್ಕೆ ಮುಂಚೆಯೋ, ಊಟ ಶುರುವಾಗಿ ಎರಡು ಗಂಟೆಗೋ ಅಂತ ಗುರುತು ಹಾಕೋ ಜಾಗ ಮಾತ್ರ ಯಾವುದೋ ಮೆನುವಿನ ಮೂಲೆಯಲ್ಲಿ. ಊಟದ ನಂತರದ 162 ಶುಗರ್ ಕಾಯಿಲೆ ಇರೋ ಹೆಚ್ಚಿನವರಿಗೆ ಪರವಾಗಿಲ್ಲ. ಖಾಲಿ ಹೊಟ್ಟೆಯಲ್ಲಿ ಅಷ್ಟು ಬಂದರೆ ಜಾಸ್ತಿಯೇ. ಆ ಗುರುತಿಲ್ಲದ ಅಂಕಿ ಇಟ್ಟುಕೊಂಡು ಏನು ಮಾಡೋದು? ಮೇಲಾಗಿ ಹೊಸ ಆ್ಯಪ್ ಮಿಲಿಮೋಲ್ ಅನ್ನೋ ಬೇರೆ ಅಳತೆಯಲ್ಲಿ 9 ಅಂತ ತೋರಿಸುತ್ತೆ. 18ರಿಂದ ಗುಣಿಸಿದರೆ ಅದೇ 162 ಮಿಲಿಗ್ರಾಂ, ಆದರೆ ಹೇಳೋರು ಯಾರು!

ಥರ್ಮಲ್ ಕಾಗದದ ಲ್ಯಾಬ್ ರಿಪೋರ್ಟ್ ಬಿಸಿಲಿಗೆ, ಪ್ಲಾಸ್ಟಿಕ್ ಕವರ್‌ಗೆ ಮಾಸಿಹೋಗುತ್ತೆ. ಕೈಗೆ ಬಂದ ದಿನವೇ ಫೋಟೋ ತೆಗೆದು, ಫೈಲ್ ಹೆಸರಲ್ಲೇ ತಾರೀಖು, ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಶುಗರ್ ತೋರಿಸೋ ರಕ್ತಪರೀಕ್ಷೆ) ಅಂಕಿ ಹಾಕಿಡಿ. ಒಂದು ಸಾದಾ ನೋಟ್‌ಬುಕ್ಕೂ ಇರಲಿ: ಸಮಯ, ರೀಡಿಂಗ್, ಊಟ, ಔಷಧಿಯ ಡೋಸ್. ಅದಕ್ಕೆ ಪಾಸ್‌ವರ್ಡ್ ಕೇಳೋರಿಲ್ಲ.