ಅಸಲು ಒಂದು, ಸಂಕಟ ಮೂರು

‘ಅರ್ಜಿಯನ್ನು ಟ್ರಿಪ್ಲಿಕೇಟ್‌ನಲ್ಲಿ ಸಲ್ಲಿಸತಕ್ಕದ್ದು.’ ಈ ಸಾಲು ಓದಿಯೂ ತಲೆ ಬಿಸಿಯಾಗದವರು ಇದ್ದರೆ ಅವರ ಕಾಲಿಗೆ ಬೀಳಬೇಕು. ಆನ್‌ಲೈನ್‌ನಲ್ಲಿ ಎಲ್ಲ ತುಂಬಿದ್ದಾಗಿತ್ತು. ಒಟಿಪಿ ಬಂತು, ‘ಯಶಸ್ವಿಯಾಗಿ ಸಲ್ಲಿಕೆಯಾಗಿದೆ’ ಎಂಬ ಹಸಿರು ಟಿಕ್ಕೂ ಬಂತು. ಅದರ ಕೆಳಗೆ, ಸಣ್ಣಕ್ಷರದಲ್ಲಿ, ಈ ಸಾಲು. ಕಾಗದವಿಲ್ಲದ ವ್ಯವಸ್ಥೆಗೆ ಮೂರೇ ಮೂರು ಕಾಗದ ಸಾಕಂತೆ. ಎಂಥ ಪ್ರಗತಿ!

ಟ್ರಿಪ್ಲಿಕೇಟ್ ಅಂದರೆ ಎಷ್ಟು? ನಗಬೇಡಿ. ನಿಘಂಟಿನ ಪ್ರಕಾರ ಅಸಲೂ ಸೇರಿ ಮೂರು. ಮೂರು ಒಯ್ದೆ. ‘ಅಸಲು ಬೇರೆ, ಟ್ರಿಪ್ಲಿಕೇಟ್ ಬೇರೆ’ ಅಂದರು ಕೌಂಟರಿನವರು. ಮಾರನೇ ದಿನ ನಾಲ್ಕು ಒಯ್ದೆ. ಅವತ್ತು ಕೂತಿದ್ದವರು ಬೇರೆ. ‘ಇದೊಂದು ಯಾಕೆ ಜಾಸ್ತಿ?’ ಎಂದು ವಾಪಸ್ ತಳ್ಳಿದರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವವರನ್ನು ಕಂಡಿದ್ದೆ. ದಿನ ಬಿಟ್ಟು ದಿನ ನಾಲ್ಕನೇ ಕಾಲು ಮೂಡುವ ಮೊಲವನ್ನು ಅಲ್ಲೇ ನೋಡಿದ್ದು.

ಪಾಪ, ಪದವೇ ಮೋಸದ್ದು. ಮೂರನ್ನೂ ಸೇರಿಸಿ ಟ್ರಿಪ್ಲಿಕೇಟ್ ಅಂತಾರೆ, ಮೂರನೇ ಹಾಳೆಯೊಂದಕ್ಕೂ ಟ್ರಿಪ್ಲಿಕೇಟ್ ಅಂತಾರೆ. ಲ್ಯಾಟಿನ್‌ನಲ್ಲಿ ‘ಪ್ಲಿಕಾರೆ’ ಅಂದರೆ ಮಡಿಸುವುದು. ನಮ್ಮ ಮುಮ್ಮಡಿಯೂ ಹಾಗೇ ಅಲ್ವಾ? ಸಾಲ ಮುಮ್ಮಡಿಯಾದರೆ ಮೂರು ಪಟ್ಟು, ರಾಜರ ಹೆಸರಿಗೆ ಅಂಟಿದರೆ ಮೂರನೆಯವನು. ಆದರೂ ಮುಮ್ಮಡಿ ಕೃಷ್ಣರಾಜರನ್ನು ಮೂರು ಜನ ಅಂತ ಯಾರೂ ಎಣಿಸಲಿಲ್ಲ.

ಹಿಂದೆ ಇದಕ್ಕೊಂದು ಕಾರಣ ಇತ್ತು. ಹಡಗಿನ ಕಾಲದಲ್ಲಿ ದೂರದೇಶದ ವ್ಯಾಪಾರಿಗಳು ಒಂದೇ ಹುಂಡಿಯನ್ನು, ಅಂದರೆ ಇಂಥವರಿಗೆ ಹಣ ಕೊಡಿ ಎಂದು ಬರೆದ ಪತ್ರವನ್ನು, ಮೂರು ಸಲ ಬರೆದು ಬೇರೆ ಬೇರೆ ಹಡಗಿನಲ್ಲಿ ಕಳಿಸುತ್ತಿದ್ದರು. ಒಂದು ಮುಳುಗಿದರೂ ಇನ್ನೊಂದು ದಡ ಸೇರಲಿ ಅಂತ. ಒಂದಕ್ಕೆ ಹಣ ಸಂದರೆ ಉಳಿದೆರಡು ರದ್ದು. ಸಮುದ್ರ, ಬಿರುಗಾಳಿ, ಕಡಲ್ಗಳ್ಳರು, ಎಲ್ಲ ಒಪ್ಪೋಣ. ಒಂದು ಟೇಬಲಿನಿಂದ ಪಕ್ಕದ ಟೇಬಲಿಗೆ ಹೋಗುವ ದಾರಿಯಲ್ಲಿ ಯಾವ ಬಿರುಗಾಳಿ? 1806ರಲ್ಲಿ ಇಂಗ್ಲೆಂಡಿನ ರಾಲ್ಫ್ ವೆಜ್‌ವುಡ್ ಕಾರ್ಬನ್ ಕಾಗದಕ್ಕೆ ಪೇಟೆಂಟ್ ಪಡೆದ ಮೇಲಂತೂ ಮೂರು ಪ್ರತಿ ಸುಲಭವಾಯಿತು. ಎಷ್ಟೇ ಒತ್ತಿ ಬರೆದರೂ ಮೂರನೇ ಹಾಳೆಗೆ ಇಳಿಯುವುದು ನಿಮ್ಮ ಹೆಸರಲ್ಲ, ಅದರ ದೆವ್ವ. ಆ ಮಸುಕು ಹಾಳೆಯೇ ಯಾವಾಗಲೂ ನಮ್ಮ ಪಾಲಿಗೆ. ಇಮೇಲಿನ ‘ಸಿಸಿ’ ಕೂಡ ಕಾರ್ಬನ್ ಕಾಪಿಯ ಮೊಮ್ಮಗುವೇ.

ಕನ್ನಡದಲ್ಲಿ ಟ್ರಿಪ್ಲಿಕೇಟ್‌ಗೆ ತ್ರಿಪ್ರತಿ ಅಂತಾರೆ. ನನ್ನ ವೋಟು ‘ಮೂರಾಬಟ್ಟೆ’ಗೆ. ಬಟ್ಟೆ ಅಂದರೆ ಹಳಗನ್ನಡದಲ್ಲಿ ದಾರಿ. ಒಂದು ಪ್ರತಿ ಮೇಲಿನವರಿಗೆ, ಒಂದು ಕಪಾಟಿಗೆ, ಇನ್ನೊಂದು ಎಲ್ಲಿಗೋ.

ಸುಮ್ನೆ ತಮಾಷೆ ಮಾಡುತ್ತಿದ್ದೇನೆ ಅಷ್ಟೆ. ಸಿಟ್ಟು ಬಂದಿದೆ. ಕ್ಯೂನಲ್ಲಿ ನನ್ನ ಹಿಂದೆ ಒಬ್ಬ ವಯಸ್ಸಾದವರಿದ್ದರು. ಕೈ ನಡುಗುತ್ತಿತ್ತು. ಮೂರು ಹಾಳೆಯ ಮೂರು ಸಹಿ ಮೂರು ಥರ ಬಂದಿದ್ದವು. ‘ಸಹಿ ತಾಳೆಯಾಗ್ತಿಲ್ಲ’ ಎಂದು ಮೂರನ್ನೂ ವಾಪಸ್ ಕೊಟ್ಟರು. ಆ ಹಾಳೆಯಲ್ಲಿದ್ದ ಪ್ರತಿ ಅಕ್ಷರವೂ ಕೌಂಟರಿನ ಕಂಪ್ಯೂಟರಿನಲ್ಲಿ ಆಗಲೇ ಇತ್ತು. ಕತ್ತೆತ್ತಿ ನೋಡಿದ್ದರೆ ಸಾಕಿತ್ತು. ನೋಡಲಿಲ್ಲ.

ಜಾಸ್ತಿಯಾಗಿದ್ದ ನನ್ನ ನಾಲ್ಕನೇ ಪ್ರತಿಯನ್ನು ಅವರಿಗೆ ಕೊಟ್ಟೆ. ಹಿಂಬದಿ ಖಾಲಿ ಇತ್ತು. ಬೆಂಚಿನ ಮೇಲೆ ಕೂತು ಅದರ ಮೇಲೆ ಸಹಿ ಅಭ್ಯಾಸ ಮಾಡತೊಡಗಿದರು.